ಬೆದರಿಕೆ ಚೀಟಿಯ ವಿಳಾಸ ಯಾರದು?

ಅಡಿಕೆ ಸುಲಿಯುವಾಗ ಬಾಯಿಗೆ ಕೆಲಸ ಇರುವುದಿಲ್ಲ. ಕೈ ತನ್ನ ಪಾಡಿಗೆ ಮೆಟ್ಟುಗತ್ತಿಯ ಮೇಲೆ ಓಡುತ್ತಿರುತ್ತದೆ, ಸಿಪ್ಪೆ ಆ ಕಡೆ ಬೀಳುತ್ತದೆ, ಅಡಿಕೆ ಈ ಕಡೆ ಬುಟ್ಟಿಗೆ. ಹಾಗಾಗಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಡಿಸೆಂಬರ್ ರಾತ್ರಿಗಳಲ್ಲಿ ಲೋಕದ ವ್ಯವಹಾರವೆಲ್ಲ ಅಂಗಳದ ಚಪ್ಪರದ ಕೆಳಗೇ ಇತ್ಯರ್ಥ ಆಗುತ್ತದೆ. ಈ ಸಲ ಅಣ್ಣನ ಮಗ ಫೋನ್ ಹಿಡಿದುಕೊಂಡು ಬಂದ. ಮುಸುಕು ಹಾಕಿದವನೊಬ್ಬ ಏನೋ ಕೂಗುತ್ತಿರುವ ವಿಡಿಯೊ, ಕೆಳಗೆ ಕನ್ನಡದಲ್ಲಿ ಒಂದು ಸಾಲು: ಭಾರತ ಸೈನ್ಯ ಕಳಿಸಿದರೆ ನಮ್ಮ ಊರುಗಳಲ್ಲಿ ಬಾಂಬ್ ಸಿಡಿಯುತ್ತದಂತೆ. ಯಾವ ಯುದ್ಧ, ಯಾವ ವರ್ಷ, ಯಾರು ಹೇಳಿದ್ದು, ಒಂದೂ ಇಲ್ಲ.

"ಚಿಕ್ಕಪ್ಪ, ಇದು ನಿಜನಾ? ಬೇರೆ ದೇಶದ ಜಗಳಕ್ಕೆ ನಾವು ಹೋದ್ರೆ ಇಲ್ಲಿಗೆ ಬರ್ತಾರಾ?"

ಪ್ರಶ್ನೆ ಚೆನ್ನಾಗಿದೆ. ಅವನಿಗೆ ಆ ರಾತ್ರಿ ಹೇಳಿದ್ದು ಅರ್ಧಂಬರ್ಧ, ಆಮೇಲೆ ಕೂತು ಸರಿಯಾಗಿ ಜೋಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮೂರಿನದ್ದೇ ಒಂದು ಕಥೆ. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಎರಡು ಮನೆಯವರಿಗೆ ತೋಟದ ನೀರಿನ ಕಾಲುವೆ ವಿಚಾರಕ್ಕೆ ಕೋರ್ಟು ಕೇಸು. ನಮ್ಮ ದೊಡ್ಡಪ್ಪನನ್ನು ಸಾಕ್ಷಿಗೆ ಕರೆದಿದ್ದರು. ದೊಡ್ಡಪ್ಪನಿಗೆ ಆ ಕಾಲುವೆಯಿಂದ ಒಂದು ಚೊಂಬು ನೀರೂ ಬರುತ್ತಿರಲಿಲ್ಲ, ಆದರೂ ಕಂಡದ್ದು ಹೇಳಬೇಕು ಅಂತ ಒಪ್ಪಿಕೊಂಡಿದ್ದರು. ವಾಯಿದೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಜಗಲಿಯ ಮೇಲೆ ಒಂದು ಚೀಟಿ. ನೋಟ್‌ಬುಕ್ಕಿನ ಹಾಳೆ, ಕಾಗುಣಿತ ಪೂರ್ತಿ ತಪ್ಪು: ಸಾಕ್ಷಿಗೆ ಹೋದರೆ ತೋಟ ಉಳಿಯುವುದಿಲ್ಲ. ಚೀಟಿ ದೊಡ್ಡಪ್ಪನ ಹೆಸರಿಗೇ ಇತ್ತು. ಆದರೆ ಅದನ್ನು ಮೊದಲು ಓದಿದ್ದು ರಂಗೋಲಿ ಹಾಕಲು ಬಂದ ದೊಡ್ಡಮ್ಮ. ಆ ನಾಲ್ಕು ದಿನ ಮನೆಯಲ್ಲಿ ನಡೆದದ್ದು ದೊಡ್ಡಪ್ಪನಿಗೂ ಚೀಟಿ ಬರೆದವನಿಗೂ ಜಗಳ ಅಲ್ಲ, ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ. "ನಿಮಗೆ ಯಾಕೆ ಊರ ಉಸಾಬರಿ?" ಅಂತ.

ದೇಶಗಳ ಮಟ್ಟದಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ. ಚೀಟಿಯ ಮೇಲೆ ಪ್ರಧಾನಿಯ ಹೆಸರಿರುತ್ತದೆ. ಓದಬೇಕಾದವರು ಮನೆಯೊಳಗಿನವರು.

ಒಂದು ದೇಶ ಬೇರೆಯವರ ಯುದ್ಧಕ್ಕೆ ಸೈನ್ಯ ಕಳಿಸುವುದು ಅಂದರೆ ಒಂದು ದಿನದ ಕೆಲಸ ಅಲ್ಲ. ಮೊದಲು ಕೇಳುವವರು ಕೇಳುತ್ತಾರೆ, ಆಮೇಲೆ ಸಂಪುಟ, ಪಾರ್ಲಿಮೆಂಟು, ಖರ್ಚು, ಜಾಗ ನೋಡಿಕೊಂಡು ಬರಲು ಒಂದು ತಂಡ, ಟಿವಿಯಲ್ಲಿ ಚರ್ಚೆ, ಬೀದಿಯಲ್ಲಿ ಮೆರವಣಿಗೆ. ತಿಂಗಳುಗಟ್ಟಲೆ ಎಳೆಯುತ್ತದೆ. ಈ ನಡುವಿನ ಹೊತ್ತೇ ಬೆದರಿಸುವವರಿಗೆ ಹಬ್ಬ. ಸೈನ್ಯ ಒಮ್ಮೆ ಹೋಗಿ ನಾಲ್ಕು ಜನ ಸತ್ತ ಮೇಲೆ ವಾಪಸ್ ಕರೆಸುವುದು ಸರ್ಕಾರಕ್ಕೆ ಮರ್ಯಾದೆ ಪ್ರಶ್ನೆ ಆಗುತ್ತದೆ. ಆದರೆ ಹೋಗುವ ಮೊದಲು "ಬೇಡ ಬಿಡಿ" ಅನ್ನುವುದು ಸುಲಭ, ಅದಕ್ಕೆ ಹತ್ತು ನೆಪ ಸಿಗುತ್ತವೆ. ಬೆದರಿಕೆ ತುಂಬಿ ಕಳಿಸಿದ ಒಂದು ಕ್ಯಾಸೆಟ್ಟಿನ ಖರ್ಚಿನಲ್ಲಿ ಒಂದು ತುಕಡಿಯನ್ನು ವಿಮಾನ ಹತ್ತದಂತೆ ತಡೆಯಬಹುದು ಅಂದರೆ ಯಾರು ತಾನೇ ಬಿಡುತ್ತಾರೆ?

ಇದನ್ನು ನೋಡಲು 2003ರ ಇರಾಕ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕ, ಬ್ರಿಟನ್ ಇರಾಕ್‌ಗೆ ನುಗ್ಗಿದವು. ನಮ್ಮ ಜೊತೆ ಇಷ್ಟು ದೇಶಗಳಿವೆ ಅಂತ ತೋರಿಸಲು ಅಮೆರಿಕ ನಲವತ್ತಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಮಾಡಿತ್ತು, ಅದರಲ್ಲಿ ಸೈನ್ಯವೇ ಇಲ್ಲದ ಐಸ್‌ಲ್ಯಾಂಡ್, ಪಲಾವು ಕೂಡ ಇದ್ದವು! ನಗು ಬರುತ್ತದೆ ಅಲ್ವಾ. ಆದರೆ ವಿಷಯ ಅಲ್ಲೇ ಇದೆ. ಅಮೆರಿಕಕ್ಕೆ ಬೇಕಾಗಿದ್ದದ್ದು ಬಂದೂಕಿಗಿಂತ ಜಾಸ್ತಿ ಬಾವುಟ. ಆಗ ಎದುರಿನವರ ಲೆಕ್ಕ ಏನಾಗುತ್ತದೆ? ಲಕ್ಷಕ್ಕೂ ಹೆಚ್ಚಿರುವ ಅಮೆರಿಕದ ಸೈನ್ಯವನ್ನು ಅಲ್ಲಾಡಿಸುವುದು ಕಷ್ಟ, ಒಂದೊಂದೇ ಬಾವುಟ ಕಿತ್ತು ಹಾಕುವುದು ಸುಲಭ. ಯಾವ ದೇಶದಲ್ಲಿ ಜನರಿಗೇ ಆ ಯುದ್ಧ ಬೇಡವಾಗಿದೆಯೋ, ಎಲ್ಲಿ ಚುನಾವಣೆ ಹತ್ತಿರ ಇದೆಯೋ ಅಲ್ಲಿಂದ ಶುರು ಮಾಡಬೇಕು.

ಇದು ನನ್ನ ಊಹೆ ಅಲ್ಲ. 2003ರ ಡಿಸೆಂಬರ್‌ನಲ್ಲಿ ನಾರ್ವೆಯ ರಕ್ಷಣಾ ಸಂಶೋಧಕರಿಗೆ ಇಂಟರ್ನೆಟ್ಟಿನಲ್ಲಿ ಉಗ್ರರ ಕಡೆಯ ಒಂದು ಅರಬಿ ಬರಹ ಸಿಕ್ಕಿತು. ಇರಾಕ್‌ನಲ್ಲಿ ಅಮೆರಿಕವನ್ನು ಒಂಟಿ ಮಾಡುವುದು ಹೇಗೆ ಅನ್ನುವ ಬಗ್ಗೆ, ಬ್ರಿಟನ್, ಪೋಲೆಂಡ್, ಸ್ಪೇನ್ ಒಂದೊಂದರ ಒಳ ರಾಜಕೀಯವನ್ನೂ ನಮ್ಮ ಚುನಾವಣಾ ಪಂಡಿತರಷ್ಟೇ ತಾಳ್ಮೆಯಿಂದ ಬಿಡಿಸಿ ಬರೆದಿದ್ದರು. ಸ್ಪೇನ್ ಎರಡು, ಹೆಚ್ಚೆಂದರೆ ಮೂರು ಏಟಿಗಿಂತ ಹೆಚ್ಚು ತಡೆಯಲಾರದು ಅಂತ ಅದರಲ್ಲಿತ್ತು.

ಅದಕ್ಕೂ ಮೊದಲು, ಅಕ್ಟೋಬರ್ 18ರಂದು, ಅಲ್ ಖೈದಾ ಮುಖ್ಯಸ್ಥ ಬಿನ್ ಲಾಡೆನ್‌ನ ಧ್ವನಿಮುದ್ರಿಕೆ ಅಲ್ ಜಜೀರಾ ಟಿವಿಯಲ್ಲಿ ಬಂದಿತ್ತು. ಈ ಯುದ್ಧದಲ್ಲಿ ಪಾಲು ಪಡೆದ ದೇಶಗಳಿಗೆ ತಕ್ಕ ಹೊತ್ತಿನಲ್ಲಿ, ತಕ್ಕ ಜಾಗದಲ್ಲಿ ಉತ್ತರ ಕೊಡುತ್ತೇವೆ ಅಂತ ಹೇಳಿ ಆರು ಹೆಸರು ಎತ್ತಿ ಹಿಡಿದಿದ್ದ: ಬ್ರಿಟನ್, ಸ್ಪೇನ್, ಆಸ್ಟ್ರೇಲಿಯಾ, ಪೋಲೆಂಡ್, ಜಪಾನ್, ಇಟಲಿ. ಆ ಪಟ್ಟಿಯಲ್ಲಿ ಜಪಾನ್ ಇರುವುದನ್ನು ನೋಡಿ. ಆ ದಿನಕ್ಕೆ ಇರಾಕ್‌ನಲ್ಲಿ ಜಪಾನಿನ ಒಂದೂ ತುಕಡಿ ಇರಲಿಲ್ಲ. ಕಳಿಸಬಹುದು ಅನ್ನುವ ಕಾನೂನು ಜುಲೈಯಲ್ಲಿ ಆಗಿತ್ತು, ಕಳಿಸುವ ತೀರ್ಮಾನ ಆಗಿರಲಿಲ್ಲ. ಜಗಲಿಯ ಚೀಟಿ ಅಂದರೆ ಇದು.

ಜಪಾನಿನದ್ದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನವೆಂಬರ್ ಮಧ್ಯದಲ್ಲಿ ಇನ್ನೊಂದು ಸಂದೇಶ ಬಂತು: ಜಪಾನಿ ಸೈನಿಕರು ಇರಾಕ್‌ಗೆ ಕಾಲಿಟ್ಟರೆ ಟೋಕಿಯೊದ ಎದೆಗೇ ಹೊಡೆಯುತ್ತೇವೆ. ತಿಂಗಳ ಕೊನೆಗೆ, 29ರಂದು, ಜಪಾನಿನ ಇಬ್ಬರು ರಾಜತಾಂತ್ರಿಕರನ್ನು ತಿಕ್ರಿತ್ ಹತ್ತಿರ ಕಾರಿನಲ್ಲೇ ಗುಂಡಿಟ್ಟು ಕೊಂದರು. ಎರಡನೇ ಮಹಾಯುದ್ಧದ ನಂತರ ಸೈನ್ಯ ಹೊರಗೆ ಕಳಿಸುವ ಮಾತೆತ್ತಿದರೇ ಅಳುಕುವ ದೇಶ ಅದು. ಆದರೂ ಡಿಸೆಂಬರ್ 9ಕ್ಕೆ ಪ್ರಧಾನಿ ಕೊಯಿಜುಮಿ ಸಂಪುಟ ಒಪ್ಪಿತು. ದಕ್ಷಿಣದ ಸಮಾವಾ ಊರಿಗೆ ಸುಮಾರು 600 ಜನ ಹೋದರು, ನೀರು ಶುದ್ಧ ಮಾಡಿದರು, ರಸ್ತೆ, ಶಾಲೆ ರಿಪೇರಿ ಮಾಡಿದರು, 2006ರ ಜುಲೈಯಲ್ಲಿ ವಾಪಸ್ ಬಂದರು. ಅಲ್ಲಿ ಕಾದಾಟದಲ್ಲಿ ಅವರಲ್ಲೊಬ್ಬರೂ ಸಾಯಲಿಲ್ಲ. ಟೋಕಿಯೊದಲ್ಲಿ ಏನೂ ಆಗಲಿಲ್ಲ. ಸಿಕ್ಕಿಬಿದ್ದವರು ಯಾರು ಅಂದರೆ ಯುದ್ಧಕ್ಕೂ ತಮಗೂ ಸಂಬಂಧ ಇಲ್ಲದವರು. 2004ರ ಏಪ್ರಿಲ್‌ನಲ್ಲಿ ಮೂವರು ಜಪಾನೀಯರನ್ನು ಒತ್ತೆ ಇಟ್ಟುಕೊಂಡು ಮೂರು ದಿನದೊಳಗೆ ಸೈನ್ಯ ತೆಗೆಯಿರಿ ಅಂದರು. ಸರ್ಕಾರ ಬಗ್ಗಲಿಲ್ಲ, ಒಂದು ವಾರದ ಮೇಲೆ ಮೂವರೂ ಬಿಡುಗಡೆಯಾದರು, ಊರಿಗೆ ಬಂದ ಮೇಲೆ ಅವರದ್ದೇ ಜನ "ಹೋಗಬೇಡಿ ಅಂದರೂ ಹೋದಿರಿ" ಅಂತ ಬೈದರು. ಅಕ್ಟೋಬರ್‌ನಲ್ಲಿ ಇರಾಕ್ ಸುತ್ತಲು ಹೋದ 24 ವರ್ಷದ ಇನ್ನೊಬ್ಬ ಹುಡುಗನ ತಲೆ ಕಡಿದರು.

ನಮ್ಮ ದೊಡ್ಡಪ್ಪನೂ ಸಾಕ್ಷಿಗೆ ಹೋದರು. ಹೋಗಿ ಬಂದ ಎರಡನೇ ರಾತ್ರಿ ಹದಿನೆಂಟು ಅಡಿಕೆ ಸಸಿ ಕತ್ತರಿಸಿ ಹಾಕಿದ್ದರು, ಎದೆಮಟ್ಟ ಬೆಳೆದ ಸಸಿಗಳು. ಆದರೆ ನಮ್ಮ ತೋಟದಲ್ಲಲ್ಲ. ನಮ್ಮದಕ್ಕೆ ಅಗಳ ಇತ್ತು, ನಾಯಿ ಇತ್ತು. ರಸ್ತೆ ಪಕ್ಕದಲ್ಲಿ ಬೇಲಿ ಇಲ್ಲದ ಒಂದು ತೋಟ ಇತ್ತು, ಅದರ ಯಜಮಾನರು ಸಾಕ್ಷಿಯೂ ಅಲ್ಲ, ಕಕ್ಷಿದಾರರೂ ಅಲ್ಲ, ದೊಡ್ಡಪ್ಪನಿಗೆ ದೂರದ ನೆಂಟರು ಅಷ್ಟೇ.

ಇದನ್ನು ಹೇಳಿದಾಗ ಹುಡುಗ ಕೇಳಿದ, "ಹಾಗಾದ್ರೆ ಬೆದರಿಕೆ ಸುಳ್ಳು ಅಂತನಾ?" ಅಲ್ಲ ಮಾರಾಯ. ಬೆದರಿಕೆ ಒಂದು, ಏಟು ಇನ್ನೊಂದು. ಎರಡೂ ಒಂದೇ ದಾರಿಯಲ್ಲಿ ಬರಲೇಬೇಕು ಅಂತೇನಿಲ್ಲ ಅಷ್ಟೇ.

ಆ ಆರು ಹೆಸರಿಗೇ ವಾಪಸ್ ಹೋಗಿ. ತಿಂಗಳೊಳಗೆ, ನವೆಂಬರ್ 12ಕ್ಕೆ, ಇರಾಕ್‌ನ ನಾಸಿರಿಯಾದಲ್ಲಿ ಇಟಲಿಯವರ ಠಾಣೆಗೆ ಲಾರಿ ನುಗ್ಗಿಸಿ 19 ಇಟಲಿಯವರನ್ನು ಕೊಂದರು. ಅದು ಯುದ್ಧದ ನೆಲ. ಸ್ವಂತ ನೆಲದಲ್ಲಿ ದೊಡ್ಡ ಏಟು ತಿಂದವು ಎರಡೇ: ಸ್ಪೇನ್ ಮತ್ತು ಬ್ರಿಟನ್. 2004ರ ಮಾರ್ಚ್ 11ರ ಬೆಳಿಗ್ಗೆ ಮ್ಯಾಡ್ರಿಡ್‌ಗೆ ಕೆಲಸಕ್ಕೆ ಹೋಗುವವರು ತುಂಬಿದ್ದ ನಾಲ್ಕು ರೈಲುಗಳಲ್ಲಿ ಹತ್ತು ಬಾಂಬ್, 190ಕ್ಕೂ ಹೆಚ್ಚು ಜನ ಸತ್ತರು. 2005ರ ಜುಲೈ 7ಕ್ಕೆ ಲಂಡನ್ನಿನ ಸುರಂಗ ರೈಲು, ಬಸ್ಸಿನಲ್ಲಿ 52 ಜನ. ಇವೆರಡೇ ಯಾಕೆ? ಕ್ಯಾಸೆಟ್ಟಿನಲ್ಲಿ ಎಲ್ಲರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಬಹುದು, ಆದರೆ ಬಾಂಬ್ ಇಡಲು ಆ ಊರಿನಲ್ಲೇ ಇರುವವರು ಬೇಕು. ಮ್ಯಾಡ್ರಿಡ್‌ನದ್ದು ಸ್ಪೇನಿನಲ್ಲೇ ವಾಸ ಇದ್ದವರ ಕೆಲಸ, ಸ್ಫೋಟಕ ಕೂಡ ಸ್ಪೇನಿನದ್ದೇ ಒಂದು ಗಣಿಯಿಂದ ಕದ್ದದ್ದು, ಗಾಂಜಾ ಸರಕಿನ ವ್ಯಾಪಾರದಲ್ಲಿ ಕೈ ಬದಲಾಗಿದ್ದು. ಲಂಡನ್ನಿನ ನಾಲ್ವರಲ್ಲಿ ಮೂವರು ಬ್ರಿಟನ್ನಿನಲ್ಲೇ ಹುಟ್ಟಿದವರು. ಟೋಕಿಯೊದಲ್ಲಿ ಅಂಥ ಒಂದು ಗುಂಪು ಇರಲಿಲ್ಲ. ಆದ್ದರಿಂದ ಬೆದರಿಕೆ ಬಂದಾಗ ಗುಪ್ತಚರದವರು ಮಾತಿನ ಖಾರ ಅಳೆಯುವುದಿಲ್ಲ. ಹೇಳಿದವನಿಗೆ ಇಲ್ಲಿ ಕೈಕಾಲು ಇದೆಯಾ, ಸಾಮಾನು ಸಿಗುತ್ತದಾ, ಅವನು ಹಿಂದೆ ಹೇಳಿದ್ದನ್ನು ಮಾಡಿದ್ದಾನಾ ಅಂತ ನೋಡುತ್ತಾರೆ.

ಆ ಕೊನೆಯದಕ್ಕೆ ಒಂದು ತಮಾಷೆಯ ಉದಾಹರಣೆ ಇದೆ. 2003ರ ಆಗಸ್ಟ್ 14ಕ್ಕೆ ಅಮೆರಿಕದ ಈಶಾನ್ಯ ಭಾಗ, ಕೆನಡಾದ ಒಂದಷ್ಟು ಕಡೆ ಕರೆಂಟು ಹೋಗಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಅಬೂ ಹಫ್ಸ್ ಅಲ್ ಮಸ್ರಿ ದಳ ಅಂತ ಒಂದು ಹೆಸರಿನವರು "ನಾವೇ ಮಾಡಿದ್ದು" ಅಂತ ಹೇಳಿಕೆ ಕೊಟ್ಟರು. ತನಿಖೆಯಲ್ಲಿ ಗೊತ್ತಾದದ್ದು ಏನು? ಒಹಾಯೊದಲ್ಲಿ ಸವರದೆ ಬಿಟ್ಟ ಮರಗಳಿಗೆ ಲೈನ್ ತಾಗಿತ್ತು, ಕಂಟ್ರೋಲ್ ರೂಮಿನ ಸಾಫ್ಟ್‌ವೇರ್ ಕೈಕೊಟ್ಟು ಯಾರಿಗೂ ಗೊತ್ತಾಗಲಿಲ್ಲ. ಜೂನ್ ತಿಂಗಳಲ್ಲಿ ಆಗುಂಬೆ ಕಡೆ ವಾರಕ್ಕೆ ಎರಡು ಸಲ ಆಗುವ ಕಥೆ! ನಮ್ಮಲ್ಲಿ ಯಾರೂ ಹೊಣೆ ಹೊತ್ತುಕೊಳ್ಳುವುದಿಲ್ಲ ಅಷ್ಟೇ ವ್ಯತ್ಯಾಸ. ಏಳು ತಿಂಗಳ ನಂತರ ಮ್ಯಾಡ್ರಿಡ್ ಸ್ಫೋಟ ಆದಾಗ ಲಂಡನ್ನಿನ ಅರಬಿ ಪತ್ರಿಕೆಯೊಂದಕ್ಕೆ ಇದೇ ಹೆಸರಿನಿಂದ "ನಾವೇ" ಅಂತ ಇಮೇಲ್ ಬಂತು. ಆದರೆ ರೈಲಿನಲ್ಲಿ ಬಾಂಬ್ ಇಟ್ಟವರು ಸಿಕ್ಕಿದ್ದು ಆ ಇಮೇಲಿನಿಂದಲ್ಲ, ಸಿಡಿಯದೆ ಉಳಿದ ಒಂದು ಚೀಲದ ಮೊಬೈಲ್ ಫೋನಿನಿಂದ.

ಸ್ಪೇನಿನ ವಿಚಾರ ಬಂದಾಗ ಎಲ್ಲರೂ ಒಂದು ಮಾತು ಹೇಳುತ್ತಾರೆ: ಬಾಂಬ್ ಹಾಕಿದರು, ಮೂರು ದಿನಕ್ಕೆ ಸರ್ಕಾರ ಬಿತ್ತು, ಸೈನ್ಯ ವಾಪಸ್ ಬಂತು, ಬೆದರಿಕೆ ಗೆದ್ದಿತು. ನೋಡಲು ಹಾಗೇ ಇದೆ. ಮಾರ್ಚ್ 14ಕ್ಕೆ ಚುನಾವಣೆ, ಪ್ರಧಾನಿ ಅಸ್ನಾರ್ ಪಕ್ಷ ಸೋತಿತು, ಗೆದ್ದ ಸಪಾತೆರೊ ಏಪ್ರಿಲ್ 18ಕ್ಕೆ ಇರಾಕ್‌ನಲ್ಲಿದ್ದ ಸುಮಾರು 1,300 ಜನರನ್ನು ಕರೆಸಿದರು. ಆದರೆ ವಿಶ್ವಸಂಸ್ಥೆ ಹೊಣೆ ವಹಿಸದಿದ್ದರೆ ಜೂನ್ 30ರೊಳಗೆ ಸೈನ್ಯ ಕರೆಸುತ್ತೇನೆ ಅಂತ ಅವರು ಬಾಂಬಿಗೂ ಮೊದಲೇ ಹೇಳಿದ್ದರು. ಆ ಯುದ್ಧ ಸ್ಪೇನಿನ ಬಹುಪಾಲು ಜನರಿಗೆ ಶುರುವಿನಿಂದಲೂ ಬೇಡವಾಗಿತ್ತು. ಅದರ ಮೇಲೆ ಸರ್ಕಾರ ಮಾಡಿದ ಎಡವಟ್ಟು ಬೇರೆ: ಸುಳಿವುಗಳು ಬೇರೆ ಕಡೆ ಬೆರಳು ತೋರಿಸುತ್ತಿದ್ದರೂ ಇದು ಸ್ಪೇನಿನಿಂದ ಬೇರೆಯಾಗಬೇಕು ಅನ್ನುತ್ತಿದ್ದ ಬಾಸ್ಕ್ ಉಗ್ರರಾದ ಇಟಿಎಯ ಕೆಲಸ ಅಂತಲೇ ಹಟ ಹಿಡಿದು ಹೇಳುತ್ತಾ ಕೂತರು. ಜನರಿಗೆ ಸಿಟ್ಟು ಬಂದದ್ದು ಬಾಂಬಿಗೆ ಹೆದರಿ ಮಾತ್ರ ಅಲ್ಲ, ನಮ್ಮನ್ನು ದಡ್ಡರು ಅಂದುಕೊಂಡಿದ್ದೀರಾ ಅಂತ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಚುನಾವಣೆಯಲ್ಲಿ ಬೇಕಾದ ಫಲಿತಾಂಶ ಬಂದ ಮೇಲೂ ಬಾಂಬ್ ಇಟ್ಟವರು ಸುಮ್ನೆ ಕೂರಲಿಲ್ಲ. ಏಪ್ರಿಲ್ 2ಕ್ಕೆ ಮ್ಯಾಡ್ರಿಡ್‌ನಿಂದ ಸೆವಿಲ್‌ಗೆ ಹೋಗುವ ವೇಗದ ರೈಲಿನ ಹಳಿಯಲ್ಲಿ ಬಾಂಬ್ ಸಿಕ್ಕಿತು. ಮರುದಿನ ಪೊಲೀಸರು ಸುತ್ತುವರಿದಾಗ ಲೆಗಾನೆಸ್‌ನ ಒಂದು ಫ್ಲ್ಯಾಟಿನಲ್ಲಿ ತಮ್ಮನ್ನೇ ಸ್ಫೋಟಿಸಿಕೊಂಡು ಒಬ್ಬ ಪೊಲೀಸನನ್ನೂ ಕೊಂದರು. ಬೇಡಿಕೆ ಈಡೇರಿದರೆ ಬಿಟ್ಟುಬಿಡುತ್ತೇವೆ ಅನ್ನುವ ಕರಾರು ಪತ್ರ ಎಲ್ಲೂ ಇರುವುದಿಲ್ಲ.

ಟರ್ಕಿಯ ಕಥೆ ಇನ್ನೂ ವಿಚಿತ್ರ. ಅವರ ಪಾರ್ಲಿಮೆಂಟು 2003ರ ಮಾರ್ಚ್ 1ಕ್ಕೆ ಅಮೆರಿಕದ ಸೈನ್ಯ ತಮ್ಮ ನೆಲದ ಮೇಲೆ ದಾಟಿಹೋಗಲು ಬಿಡಲಿಲ್ಲ. ಅಕ್ಟೋಬರ್ 7ಕ್ಕೆ ಮನಸ್ಸು ಬದಲಿಸಿ ತಮ್ಮದೇ ಸೈನ್ಯವನ್ನು ಇರಾಕ್‌ಗೆ ಕಳಿಸಲು ಒಪ್ಪಿತು. ಒಂದು ವಾರಕ್ಕೆ ಬಗ್ದಾದಿನ ಟರ್ಕಿ ರಾಯಭಾರ ಕಚೇರಿಯ ಹೊರಗೆ ಕಾರ್ ಬಾಂಬ್. ಇರಾಕಿಗಳಿಗೂ, ಅದರಲ್ಲೂ ಕುರ್ದರಿಗೆ, ಹಳೇ ನೆರೆಯವನು ಸೈನ್ಯ ತರುವುದು ಬೇಡವಾಗಿತ್ತು. ನವೆಂಬರ್ 7ಕ್ಕೆ ಟರ್ಕಿ ಕಳಿಸುವುದಿಲ್ಲ ಅಂತ ಕೈಬಿಟ್ಟಿತು. ಅಲ್ಲಿಗೆ ಮುಗಿಯಬೇಕಿತ್ತು ತಾನೇ? ಎಂಟೇ ದಿನಕ್ಕೆ, 15ಕ್ಕೆ, ಇಸ್ತಾಂಬುಲ್‌ನ ಎರಡು ಯಹೂದಿ ಪ್ರಾರ್ಥನಾ ಮಂದಿರಗಳ ಮುಂದೆ, 20ಕ್ಕೆ ಬ್ರಿಟನ್ನಿನ ದೂತಾವಾಸ ಮತ್ತು ಎಚ್‌ಎಸ್‌ಬಿಸಿ ಬ್ಯಾಂಕಿನ ಮುಂದೆ ಲಾರಿ ಬಾಂಬ್ ಸಿಡಿದವು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಟರ್ಕಿಯವರೇ. ಸೈನ್ಯ ಹೋಗುತ್ತದಾ ಇಲ್ಲವಾ ಅನ್ನುವುದಕ್ಕೂ ಈ ಲಾರಿಗಳಿಗೂ ಸಂಬಂಧವೇ ಇರಲಿಲ್ಲ. ಅವು ಎಂದೋ ತಯಾರಾಗಿ ನಿಂತಿದ್ದವು.

ಫಿಲಿಪ್ಪೀನ್ಸ್ ಮತ್ತು ದಕ್ಷಿಣ ಕೊರಿಯಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 2004ರ ಜೂನ್‌ನಲ್ಲಿ ಕೊರಿಯಾ 3,000 ಜನರನ್ನು ಕಳಿಸಲು ಹೊರಟಿತ್ತು. ಅಮೆರಿಕ ಸೈನ್ಯಕ್ಕೆ ಸಾಮಾನು ಪೂರೈಸುವ ಕಂಪನಿಯೊಂದರಲ್ಲಿ ಅನುವಾದಕನಾಗಿದ್ದ 33 ವರ್ಷದ ಕೊರಿಯಾದವನನ್ನು ಇರಾಕ್‌ನಲ್ಲಿದ್ದ ಉಗ್ರ ಜರ್ಕಾವಿಯ ಗುಂಪು ಹಿಡಿಯಿತು. ಕ್ಯಾಮೆರಾ ಮುಂದೆ ಅವನು "ನನಗೆ ಬದುಕಬೇಕು" ಅಂತ ಗೋಗರೆದದ್ದನ್ನು ಇಡೀ ಕೊರಿಯಾ ನೋಡಿತು. ಸರ್ಕಾರ ತೀರ್ಮಾನ ಬದಲಿಸಲಿಲ್ಲ, ಜೂನ್ 22ಕ್ಕೆ ಅವನನ್ನು ಕೊಂದರು, ಸೈನ್ಯ ಉತ್ತರದ ಅರ್ಬಿಲ್‌ಗೆ ಹೋಯಿತು, 2008ರವರೆಗೂ ಇತ್ತು. ಮುಂದಿನ ತಿಂಗಳೇ ಫಿಲಿಪ್ಪೀನ್ಸಿನ ಒಬ್ಬ ಲಾರಿ ಡ್ರೈವರ್‌ನನ್ನು ಹಿಡಿದರು. ಇರಾಕ್‌ನಲ್ಲಿ ಅವರದ್ದು ಇದ್ದದ್ದು 51 ಜನರ ಸಣ್ಣ ತುಕಡಿ, ಅದೂ ಆಗಸ್ಟ್‌ನಲ್ಲಿ ಹೇಗೂ ವಾಪಸ್ ಬರುವುದಿತ್ತು. ಅಧ್ಯಕ್ಷೆ ಅರೊಯೊ ಒಂದು ತಿಂಗಳು ಮೊದಲೇ ಕರೆಸಿಕೊಂಡರು, ಡ್ರೈವರ್ ಜೀವಂತ ಮನೆ ಸೇರಿದ. ಲಕ್ಷಗಟ್ಟಲೆ ಜನ ಕೊಲ್ಲಿಯಲ್ಲಿ ದುಡಿಯುವ ದೇಶದ ಅಧ್ಯಕ್ಷೆ ಬೇರೆ ಏನು ಮಾಡಬೇಕಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆ ಡ್ರೈವರ್‌ನ ಹೆಂಡತಿಯ ಜಾಗದಲ್ಲಿ ನಮ್ಮ ದೊಡ್ಡಮ್ಮನನ್ನು ನಿಲ್ಲಿಸಿದರೆ ನನಗೆ ಒಂದು ಉತ್ತರ ಬರುತ್ತದೆ, ಮುಂದೆ ಆದದ್ದನ್ನು ನೋಡಿದರೆ ಇನ್ನೊಂದು.

ಮುಂದೆ ಆದದ್ದು ಇದು. ಅವನ ಬಿಡುಗಡೆ ಆಗಿದ್ದು ಜುಲೈ 20. ಮರುದಿನವೇ ಕುವೈತಿನ ಸಾಗಾಣಿಕೆ ಕಂಪನಿಯೊಂದರ ಏಳು ಲಾರಿ ಡ್ರೈವರ್‌ಗಳ ಅಪಹರಣದ ಸುದ್ದಿ ಬಂತು. ಮೂವರು ಕೆನ್ಯಾದವರು, ಒಬ್ಬ ಈಜಿಪ್ಟಿನವನು, ಮೂವರು ನಮ್ಮವರು. ಈ ಮೂರು ದೇಶಗಳದ್ದು ಇರಾಕ್ ಯುದ್ಧದಲ್ಲಿ ಒಬ್ಬ ಸೈನಿಕನೂ ಇರಲಿಲ್ಲ. ಗಡುವು ಕೊಟ್ಟರು, ಗಡುವು ಮುಂದೂಡಿದರು, ಕಂಪನಿ ಇರಾಕ್ ಬಿಡಬೇಕು ಅಂದರು. ಸೆಪ್ಟೆಂಬರ್ 1ಕ್ಕೆ ಏಳೂ ಜನ ಬಿಡುಗಡೆಯಾದರು. ಅದರ ಹಿಂದಿನ ದಿನ ನೇಪಾಳದ 12 ಕೂಲಿಗಳನ್ನು ಕೊಂದ ವಿಡಿಯೊ ಬಂದಿತ್ತು. ಅಡುಗೆ, ಸ್ವಚ್ಛತೆ ಕೆಲಸಕ್ಕೆ ಅಂತ ಹೋದ ಹುಡುಗರು. ನೇಪಾಳ ಇರಾಕ್‌ಗೆ ಸೈನ್ಯ ಕಳಿಸಿರಲೇ ಇಲ್ಲ. ಬೇಲಿ ಇಲ್ಲದ ತೋಟ. ಕಠ್ಮಂಡುವಿನಲ್ಲಿ ಜನ ರೊಚ್ಚಿಗೆದ್ದು ಮಸೀದಿಗೆ, ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆನ್ಸಿಗಳಿಗೆ ಬೆಂಕಿ ಇಟ್ಟರು. ಕೊಂದವರು ಇರಾಕ್‌ನಲ್ಲಿ, ಬೆಂಕಿ ಹತ್ತಿದ್ದು ಅಕ್ಕಪಕ್ಕದ ಮನೆಯವರ ನಡುವೆ. ಇಂಥ ಕೆಲಸಗಳಲ್ಲಿ ಇದು ಆಕಸ್ಮಿಕ ಅಲ್ಲ.

ಭಾರತವನ್ನೂ ಕೇಳಿದ್ದರು ಅನ್ನುವುದು ಈಗ ಎಷ್ಟೋ ಜನಕ್ಕೆ ಮರೆತೇ ಹೋಗಿದೆ. 2003ರಲ್ಲಿ ಅಮೆರಿಕ ನಮ್ಮಿಂದ ಒಂದು ಡಿವಿಷನ್, ಅಂದರೆ ಸುಮಾರು 17,000 ಜನರನ್ನು ಕೇಳಿತು. ಕೊಟ್ಟಿದ್ದರೆ ಇರಾಕ್‌ನ ದೊಡ್ಡ ಪಡೆಗಳಲ್ಲಿ ನಮ್ಮದೂ ಒಂದಾಗುತ್ತಿತ್ತು. ದೆಹಲಿಯಲ್ಲಿ ಕಳಿಸೋಣ ಅನ್ನುವವರೂ ಇದ್ದರು. ವಾಜಪೇಯಿ ಸರ್ಕಾರ ಎರಡು ತಿಂಗಳು ಎಳೆದು ಜುಲೈ 14ಕ್ಕೆ ಹೇಳಿತು: ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇದ್ದರೆ ಯೋಚಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಏಪ್ರಿಲ್‌ನಲ್ಲೇ ನಮ್ಮ ಸಂಸತ್ತು ಆ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು, ಆದ್ದರಿಂದ ಬಾಗಿಲು ಆಗಲೇ ಅರ್ಧ ಮುಚ್ಚಿತ್ತು. ಅದು ಯಾರ ಕ್ಯಾಸೆಟ್ಟಿಗೂ ಹೆದರಿ ತೆಗೆದುಕೊಂಡ ತೀರ್ಮಾನ ಅಲ್ಲ. ನಮ್ಮ ಮಟ್ಟಿಗೆ ಕೆಲಸ ಮಾಡಿದ್ದು ಹಳೇ ಗಾಯ ಅಂತ ನನಗನ್ನಿಸುತ್ತದೆ.

ಹಳೇ ಗಾಯ ಅಂದರೆ ಶ್ರೀಲಂಕಾ. ಸುಲಿಯಲು ಬರುವವರಲ್ಲಿ ಒಬ್ಬರು ರಿಟೈರ್ಡ್ ಸುಬೇದಾರ್ರು ಇದ್ದಾರೆ, ಐಪಿಕೆಎಫ್‌ನಲ್ಲಿ, ಅಂದರೆ ಭಾರತ ಅಲ್ಲಿಗೆ ಕಳಿಸಿದ್ದ ಶಾಂತಿಪಾಲನಾ ಪಡೆಯಲ್ಲಿ, ಜಾಫ್ನಾದಲ್ಲಿದ್ದವರು. ಆ ಬಗ್ಗೆ ಮಾತು ಕಡಿಮೆ. ಆ ರಾತ್ರಿ ಮಾತ್ರ, ಕತ್ತಿಯಿಂದ ಕಣ್ಣೆತ್ತದೆ, "ನಮ್ಗೆ ಹೋಗೋವಾಗ ಹೂವಿನ ಹಾರ ಹಾಕಿದ್ರು, ಮೂರು ತಿಂಗಳಿಗೆ ಅದೇ ಊರಲ್ಲಿ ಗುಂಡು" ಅಂದರು. ಅಷ್ಟೇ. 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ಅಲ್ಲಿದ್ದ ನಮ್ಮ ಸೈನ್ಯ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆಮೇಲಿನದು. 1991ರ ಮೇ 21ಕ್ಕೆ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯನ್ನು ಅಲ್ಲಿನ ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ ಕೊಂದಾಗ ಸೈನ್ಯ ವಾಪಸ್ ಬಂದು ವರ್ಷ ದಾಟಿತ್ತು, ರಾಜೀವ್ ಅಧಿಕಾರದಲ್ಲೂ ಇರಲಿಲ್ಲ. ಚುನಾವಣೆ ಗೆದ್ದರೆ ಮತ್ತೆ ಸೈನ್ಯ ಕಳಿಸಬಹುದು, ಆ "ಬಹುದು"ವನ್ನೇ ಅಳಿಸಿಹಾಕಬೇಕು ಅನ್ನುವುದು ಸಂಚಿನ ಹಿಂದಿನ ಮುಖ್ಯ ಕಾರಣ. ಇಲ್ಲಿ ಚೀಟಿ ಇರಲಿಲ್ಲ, ಗಡುವು ಇರಲಿಲ್ಲ, ಕ್ಯಾಸೆಟ್ ಇರಲಿಲ್ಲ. ಹಾರ ಹಿಡಿದುಕೊಂಡು ಬಂದರು. ಸಂಚಿನ ಮುಂದಾಳು ಶಿವರಾಸನ್ ಮೂರು ತಿಂಗಳ ನಂತರ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ, ಅದೂ ಹೆಣವಾಗಿ, ಜೊತೆಗೆ ಇನ್ನೂ ಆರು ಜನ. ನಿಜವಾಗಿ ಹೊಡೆಯಬೇಕು ಅಂದುಕೊಂಡವನು ಮೊದಲೇ ಹೇಳಿ ಎಚ್ಚರಿಸುವುದು ಕಡಿಮೆ. ಹೇಳಿದರೆ ಬಾಗಿಲಿಗೆ ಬೀಗ ಬೀಳುತ್ತದೆ ಅಂತ ಅವನಿಗೂ ಗೊತ್ತು.

ಹಾಗಂತ ಇದನ್ನೇ ಸೂತ್ರ ಮಾಡಿಕೊಂಡರೆ ಕೆಡುತ್ತೀರಿ. ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್‌ನವರು ಹೇಳಿ ಹೊಡೆಯುವವರು. ಅಲ್ಲಿಗೆ ಹೋದ ಆಫ್ರಿಕನ್ ಒಕ್ಕೂಟದ ಶಾಂತಿಪಾಲನಾ ಪಡೆಗೆ 2007ರಲ್ಲಿ ಮೊದಲು ಸೈನ್ಯ ಕೊಟ್ಟದ್ದು ಉಗಾಂಡ. ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಊರಿಗೇ ಬರುತ್ತೇವೆ ಅನ್ನುತ್ತಿದ್ದರು. 2010ರ ಜುಲೈ 11ರ ರಾತ್ರಿ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೋಡುತ್ತಾ ಕೂತಿದ್ದವರ ನಡುವೆ ಕಂಪಾಲಾದಲ್ಲಿ ಬಾಂಬ್ ಸಿಡಿಸಿ 74 ಜನರನ್ನು ಕೊಂದರು. ಕೆನ್ಯಾ 2011ರಲ್ಲಿ ಸೈನ್ಯ ನುಗ್ಗಿಸಿತು, 2013ರಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಾಲ್‌ನಲ್ಲಿ 67 ಜನ, 2015ರಲ್ಲಿ ಗರಿಸ್ಸಾದ ವಿಶ್ವವಿದ್ಯಾಲಯದಲ್ಲಿ 148 ಜನ ಸತ್ತರು. ಕೆನ್ಯಾ ಅಂತೂ ನೆರೆಹೊರೆ, ಕಾವಲಿಲ್ಲದ ಉದ್ದದ ಗಡಿ, ಆ ಕಡೆ ಈ ಕಡೆ ನೆಂಟರು: ಇಲ್ಲಿ ಬೆದರಿಸುವವನಿಗೆ ಕೈ ಎಟಕುತ್ತದೆ, ಎಟಕಿಸಿಯೂ ತೋರಿಸಿದ. ಇಷ್ಟಾಗಿ ಫಲ? ಉಗಾಂಡ ಇನ್ನೂ ಹೆಚ್ಚು ಸೈನ್ಯ ಕಳಿಸಿತು, ಕೆನ್ಯಾ ವಾಪಸ್ ಬರಲಿಲ್ಲ.

ಬೆದರಿಕೆಯಿಂದ ಕೆಲಸ ಆಗುತ್ತದಾ ಅನ್ನುವುದು ಪಂಡಿತರ ನಡುವೆ ದೊಡ್ಡ ಜಗಳ. ರಾಬರ್ಟ್ ಪೇಪ್ ಅನ್ನುವವರು ಆತ್ಮಾಹುತಿ ದಾಳಿಗಳ ಲೆಕ್ಕ ಹಾಕಿ, ಪ್ರಜಾಪ್ರಭುತ್ವಗಳು ಅದಕ್ಕೆ ಎಷ್ಟೋ ಸಲ ಬಗ್ಗುತ್ತವೆ ಅಂದರು. ಮ್ಯಾಕ್ಸ್ ಅಬ್ರಾಮ್ಸ್ 2006ರಲ್ಲಿ 28 ಸಂಘಟನೆಗಳ 42 ಗುರಿಗಳನ್ನು ಹರಡಿ ಕೂತು, ಈಡೇರಿದ್ದು ಶೇ 7 ಮಾತ್ರ ಅಂದರು. ನನಗೆ ಅಬ್ರಾಮ್ಸ್ ಲೆಕ್ಕ ಹೆಚ್ಚು ನಂಬುವಂತೆ ಕಾಣುತ್ತದೆ. ಆದರೆ ಬೆದರಿಸುವವನು ಈ ಶೇಕಡಾವಾರು ಓದುವುದಿಲ್ಲ, ಅವನಿಗೆ ಕಾಣುವುದು 51 ಜನ ವಿಮಾನ ಹತ್ತಿದ ಫೋಟೊ.

ನಮ್ಮ ಅಫ್ಘಾನಿಸ್ತಾನದ ಅನುಭವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಗೆ ಭಾರತ ಯುದ್ಧಕ್ಕೆ ಸೈನ್ಯ ಕಳಿಸಲೇ ಇಲ್ಲ. 2017ರಲ್ಲಿ ಅಮೆರಿಕದ ರಕ್ಷಣಾ ಸಚಿವರು ದೆಹಲಿಗೆ ಬಂದಾಗಲೂ ನಿರ್ಮಲಾ ಸೀತಾರಾಮನ್ ಅವರು ನಮ್ಮ ಸೈನಿಕರು ಅಲ್ಲಿಗೆ ಹೋಗುವುದಿಲ್ಲ ಅಂತ ಬಾಯಿಬಿಟ್ಟೇ ಹೇಳಿದರು. ನಾವು ಹಾಕಿದ್ದು ರಸ್ತೆ, ಕಟ್ಟಿದ್ದು ಪಾರ್ಲಿಮೆಂಟ್ ಭವನ. ಆದರೂ 2005ರಲ್ಲಿ ಜರಂಜ್–ದೆಲಾರಾಮ್ ರಸ್ತೆ ಕೆಲಸದಲ್ಲಿದ್ದ ಗಡಿ ರಸ್ತೆ ಸಂಸ್ಥೆಯ ಚಾಲಕನನ್ನು ತಾಲಿಬಾನ್ ಹಿಡಿದು, 48 ಗಂಟೆಯಲ್ಲಿ ಸಂಸ್ಥೆ ದೇಶ ಬಿಡಬೇಕು ಅಂದಿತು, ಕೊಂದಿತು. 2008ರ ಜುಲೈ 7ಕ್ಕೆ ಕಾಬೂಲಿನ ನಮ್ಮ ರಾಯಭಾರ ಕಚೇರಿಯ ಗೇಟಿಗೇ ಕಾರ್ ಬಾಂಬ್ ಬಂತು, ಸತ್ತವರಲ್ಲಿ ವೀಸಾಕ್ಕೆ ಸಾಲು ನಿಂತ ಅಫ್ಘನ್ನರೇ ಜಾಸ್ತಿ. ರಸ್ತೆ ಮಾತ್ರ ಮುಗಿಯಿತು.

ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹೋದರೆ ಬರುತ್ತಾರೆ, ಹೋಗದಿದ್ದರೆ ಬರುವುದಿಲ್ಲ ಅನ್ನುವ ಲೆಕ್ಕ ಕೆಲವು ಕಡೆ ಕೂಡಿಬಂದರೂ ಎಲ್ಲ ಕಡೆ ಕೂಡಿಬರುವುದಿಲ್ಲ. ಹೋಗಬೇಕಾ ಬೇಡವಾ ಅನ್ನುವುದಕ್ಕೆ ಬೇರೆ ನೂರು ಕಾರಣ ಇರಬಹುದು, ಅವುಗಳ ಮೇಲೇ ತೀರ್ಮಾನ ಆಗಲಿ. ಇಂಥ ವಿಡಿಯೊ ಬಂದರೆ ಮೊದಲು ಕೇಳಬೇಕಾದದ್ದು "ಇವನು ಮಾಡುತ್ತಾನಾ" ಅಂತಲ್ಲ, "ಇವನು ಇದನ್ನು ಯಾರು ಓದಲಿ ಅಂತ ಕಳಿಸಿದ್ದಾನೆ" ಅಂತ.

"ಅದನ್ನು ಡಿಲೀಟ್ ಮಾಡು" ಅಂದೆ.

"ಮಾಡ್ತೆ ಚಿಕ್ಕಪ್ಪ. ಆದ್ರೆ ಆಗ್ಲೇ ಮನೆಯವರ ಗ್ರೂಪಿಗೆ ಹಾಕಿದ್ದೆ."

ಹಂಡೆಯಲ್ಲಿ ಚೊಗರು ಕುದಿಯುವ ವಾಸನೆ ಬರುತ್ತಿತ್ತು, ಒಳಗೆ ಲ್ಯಾಂಡ್‌ಲೈನು ಬಡಿದುಕೊಂಡಿತು. ಸಾಗರದ ಅತ್ತೆ. ಅವರ ಮಗ ಕುವೈತಿನಲ್ಲಿದ್ದಾನೆ, ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಅವನನ್ನು ಕೂಡಲೇ ವಾಪಸ್ ಕರೆಸಬೇಕಾ, ಟಿಕೆಟ್ಟಿಗೆ ಎಷ್ಟಾಗುತ್ತದೆ ಅಂತ ಕೇಳುತ್ತಿದ್ದರು.